ಒಂದು ಪೀಸಿನ ರೇಟು

ನಮ್ಮ ಸೋದರಮಾವನನ್ನು ನೀವು ಏನು ಬೇಕಾದರೂ ಕೇಳಬಹುದು. ಸ್ಕೂಟರ್ ಕೇಳಿ, ಪೆಟ್ರೋಲ್ ಹಾಕಿಸಿ ಕೊಡುತ್ತಾನೆ. ಬೆಟ್ಟ ಹತ್ತೋಣ ಬಾ ಎನ್ನಿ, ಮಂಡಿನೋವನ್ನು ಮನೆಯಲ್ಲೇ ಬಿಟ್ಟು ಹೊರಡುತ್ತಾನೆ. ನಿಮ್ಮ ಮಿಕ್ಸಿ ಕೆಟ್ಟಿದೆ ಎನ್ನಿ, ತನ್ನ ಮಿಕ್ಸಿಯ ಭಾಗ ಕಿತ್ತು ನಿಮ್ಮದಕ್ಕೆ ಹಾಕಿಕೊಡುತ್ತಾನೆ. ಆದರೆ ದಯವಿಟ್ಟು ರೇಟು ಮಾತ್ರ ಕೇಳಬೇಡಿ. ಕೇಳಿದಿರೋ, ಅವತ್ತಿನ ನಿಮ್ಮ ಕೊನೆಯ ಬಸ್ಸು ತಪ್ಪಿತೆಂದೇ ತಿಳಿಯಿರಿ.

ರೇಟು ಹೇಳಲು ಇಷ್ಟು ಸತಾಯಿಸುವ ಮನುಷ್ಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ. ಇದು ನನ್ನ ಮಾತಲ್ಲ, ಆ ನಾಲ್ಕೂ ತಾಲ್ಲೂಕಿನಿಂದ ಬಂದು ಅವನ ಶೆಡ್ಡಿನ ಮುಂದೆ ಕಾದು ಕುಳಿತವರ ಮಾತು. ಅವನು ಅವನು ಎನ್ನುತ್ತಿದ್ದೇನೆಂದು ತಪ್ಪು ತಿಳಿಯಬೇಡಿ. ನಮ್ಮ ಮನೆಯಲ್ಲಿ ಸೋದರಮಾವನಿಗೆ ಬಹುವಚನ ಹಚ್ಚಿದರೆ ಏನೋ ಜಗಳವಾಗಿದೆ ಎಂದು ಅರ್ಥ.

ಮಾವನದು ಪ್ಲಾಸ್ಟಿಕ್ ಕೆಲಸ. ಬೇಕರಿಯಿಂದ ಬಿಸ್ಕತ್ತಿನ ಡಬ್ಬ ತಂದಾಗ ಒಳಗೊಂದು ಗುಳಿಗುಳಿಯಾದ ತೆಳು ಟ್ರೇ ಇರುತ್ತದಲ್ಲ, ಬಿಸ್ಕತ್ತು ತಿಂದು ಅದನ್ನು ಬಿಸಾಕುತ್ತೇವಲ್ಲ, ಅದನ್ನೂ ಯಾರೋ ಕೂತು ಮಾಡಿರುತ್ತಾರೆ ಎಂದು ನೀವು ಯಾವತ್ತಾದರೂ ಯೋಚಿಸಿದ್ದೀರಾ? ಮಾವ ಆ ಯಾರೋ. ಮೊದಲು ಮರದಲ್ಲೋ ಪ್ಲಾಸ್ಟರಿನಲ್ಲೋ ಅಲ್ಯೂಮಿನಿಯಮ್ಮಿನಲ್ಲೋ ಒಂದು ಅಚ್ಚು ಮಾಡಬೇಕು. ಪ್ಲಾಸ್ಟಿಕ್ ಶೀಟನ್ನು ಚೌಕಟ್ಟಿಗೆ ಸಿಕ್ಕಿಸಿ ಕಾಯಿಸಬೇಕು. ಅದು ಒಬ್ಬಟ್ಟಿನ ಕಣಕದ ಹಾಗೆ ಮೆತ್ತಗಾಗಿ ಜೋತುಬಿದ್ದಾಗ ಅಚ್ಚಿನ ಮೇಲೆ ಇಳಿಸಿ, ಕೆಳಗಿನಿಂದ ಪಂಪಿನಲ್ಲಿ ಗಾಳಿ ಎಳೆದರೆ ಶೀಟು ಅಚ್ಚನ್ನು ಅಪ್ಪಿಕೊಂಡು ಕೂರುತ್ತದೆ. ಆರಿದ ಮೇಲೆ ಬಿಡಿಸಿ ಅಂಚು ಕತ್ತರಿಸಿದರೆ ಟ್ರೇ. ದೊಡ್ಡ ಕಾರ್ಖಾನೆಗಳು ಇದನ್ನು ಲಕ್ಷಗಟ್ಟಲೆ ಮಾಡುತ್ತವೆ. ಅವರು ಬೇಡವೆಂದು ವಾಪಸು ಕಳಿಸಿದ ಸಣ್ಣಪುಟ್ಟ ಆರ್ಡರುಗಳೆಲ್ಲ ತಿರುಗಾಡಿ ತಿರುಗಾಡಿ ಕೊನೆಗೆ ಮಧುಗಿರಿ ಬೆಟ್ಟದ ಬುಡದ ನಮ್ಮ ಮಾವನ ಶೆಡ್ಡಿಗೆ ಬಂದು ಬೀಳುತ್ತವೆ. ಮಧ್ಯಾಹ್ನವಾದರೆ ಆ ಬೋಳು ಬಂಡೆ ಕಾದು ಶೆಡ್ಡಿಗೆ ಝಳ ಹೊಡೆಯುತ್ತದೆ. ಬಂದವರು ಬೆವರು ಒರೆಸಿಕೊಂಡು ಗೊಣಗಿದರೆ, ಅದು ಕಂಪನಿಯವರಿಗಿಲ್ಲದ ಪುಕ್ಕಟೆ ಹೀಟರು ಎಂದು ಮಾವ ಹೆಮ್ಮೆಪಡುತ್ತಾನೆ.

ಅವನ ರೇಟಿನ ಸಿದ್ಧಾಂತ ಬಹಳ ಸರಳ. ನನಗೆ ಬುದ್ಧಿ ಬಂದಾಗಿನಿಂದ ಕೇಳುತ್ತಿದ್ದೇನೆ.

"ಅಚ್ಚಿನ ಖರ್ಚು ಒಂದೇ ಸಲ ಕಣಮ್ಮ. ಒಂದು ಪೀಸು ತೆಗಿ, ಸಾವ್ರ ತೆಗಿ, ಅದು ಹಂಗೇ ಇರ್ತದೆ. ಅದ್ನ ಎಷ್ಟು ಪೀಸಿನ ಮ್ಯಾಲೆ ಹಂಚ್ತೀವಿ ಅನ್ನೋದೇ ರೇಟು. ಜಾಸ್ತಿ ತೆಗೆದಷ್ಟೂ ಅಗ್ಗ."

ಇಷ್ಟೇ ಆಗಿದ್ದರೆ ಯಾರಿಗೂ ಬಸ್ಸು ತಪ್ಪುತ್ತಿರಲಿಲ್ಲ. ಆದರೆ ಹಂಚುವುದಕ್ಕೆ ಮುಂಚೆ ಅವನಿಗೆ ಎಲ್ಲವೂ ಗೊತ್ತಾಗಬೇಕು. ಕಡಿಮೆ ಪೀಸಾದರೆ ಪ್ಲಾಸ್ಟರ್ ಅಚ್ಚು ಸಾಕು, ಜಾಸ್ತಿಯಾದರೆ ಅದು ಬಿರುಕು ಬಿಡುತ್ತದೆ, ಮರ ಬೇಕು, ಇನ್ನೂ ಜಾಸ್ತಿಯಾದರೆ ಅಲ್ಯೂಮಿನಿಯಂ. ಗುಳಿ ಆಳವಾದರೆ ಶೀಟು ಎಳೆದು ಮೂಲೆಯಲ್ಲಿ ತೆಳುವಾಗುತ್ತದೆ, ಆಗ ದಪ್ಪ ಶೀಟು. ಚೌಕಟ್ಟು ಹಿಡಿಯುವ ಅಂಚೆಲ್ಲ ದಂಡ. ಬೆಳಗ್ಗೆ ಮಿಷನ್ ಕಾಯುವವರೆಗೆ ಮೊದಲ ಶೀಟುಗಳು ಹೆಂಚಿನ ಮೊದಲ ದೋಸೆಯ ಹಾಗೆ ಕಿತ್ತುಕೊಂಡು ಬರುತ್ತವೆ. ಅದನ್ನು ಯಾರ ತಲೆಗೆ ಹಾಕಬೇಕು? ಇದೆಲ್ಲ ತೀರ್ಮಾನವಾಗದೆ ಬಾಯಿಂದ ಒಂದು ಅಂಕಿ ಉದುರಿದರೆ ಅದು ಸುಳ್ಳು ಹೇಳಿದ ಹಾಗೆ ಎನ್ನುತ್ತಾನೆ.

ಒಂದು ಸಲ ಶಿರಾದಿಂದ ಬೇಕರಿಯ ಸಾಬರು ಬಂದರು. ಪಾಪ, ಬಹಳ ಅವಸರದಲ್ಲಿದ್ದರು.

"ಭಾಯ್, ಖರ್ಜೂರದ ಮಿಠಾಯಿಗೆ ಹನ್ನೆರಡು ಗುಳಿ ಟ್ರೇ ಬೇಕು. ರೇಟ್ ಹೇಳ್ಬುಡಿ, ಜಲ್ದಿ ಹೋಗ್ಬೇಕು."

"ಮಿಠಾಯಿ ಎಷ್ಟು ತೂಕ?" ಎಂದ ಮಾವ.

ಹೇಳಿದರು.

"ತಳ ಅಂಟ್ತದಾ?"

"ಸ್ವಲ್ಪ ಅಂಟ್ತದೆ."

"ಒಂದ್ರ ಮ್ಯಾಲೊಂದು ಪೇರಿಸ್ತೀರಾ? ಬಿಸಿಲು ಬೀಳೋ ಕಡೆ ಇಡ್ತೀರಾ? ಮುಂದಿನ ಹಬ್ಬಕ್ಕೂ ಇದೇ ಸೈಜಾ, ಇಲ್ಲ ಬದ್ಲಾಯಿಸ್ತೀರಾ? ಮನೇಲಿ ಮಿಠಾಯಿ ಕಟ್ಟೋರು ಯಾರು, ಒಬ್ರೇನಾ? ಇಬ್ರು ಕಟ್ಟಿದ್ರೆ ಸೈಜು ಹೆಚ್ಚುಕಮ್ಮಿ ಆಯ್ತದೆ."

ಸಾಬರು ಟೋಪಿ ತೆಗೆದು ಗಾಳಿ ಹಾಕಿಕೊಂಡರು. "ಅಲ್ಲ ಭಾಯ್, ನಾನು ಟ್ರೇ ಕೇಳೋಕೆ ಬಂದ್ನೋ, ಹೆಣ್ಣು ಕೇಳೋಕೆ ಬಂದ್ನೋ?"

ಕೊನೆಗೆ ಆದದ್ದೇನು ಗೊತ್ತೆ? ಹಬ್ಬಕ್ಕೆ ಬೇಕಾದ ನಾಲ್ಕು ಟ್ರೇಗೆ ಹೊಸ ಅಚ್ಚು ದಂಡ ಎಂದು ಮಾವ ತೀರ್ಪು ಕೊಟ್ಟ. ಅಟ್ಟದಿಂದ ಹಳೆಯ ಲಾಡಿನ ಅಚ್ಚು ತೆಗೆದು, ಮಿಠಾಯಿಯನ್ನೇ ಒಂದು ಚೂರು ಸಣ್ಣಗೆ ಕಟ್ಟಿದರೆ ಇದರಲ್ಲಿ ಕೂರುತ್ತದೆ ಎಂದ. ಟ್ರೇಗೆ ರೇಟು ಕೇಳಲು ಬಂದವರು ತಮ್ಮ ಮಿಠಾಯಿಯ ಸೈಜನ್ನೇ ಬದಲಾಯಿಸಿಕೊಂಡು ಹೋದರು. ಅಂದಿನಿಂದ ಪ್ರತಿ ಹಬ್ಬಕ್ಕೂ ಅವರ ಮಿಠಾಯಿ ಮೊದಲು ನಮ್ಮ ಮನೆಗೆ ಬರುತ್ತದೆ, ಮಾವನ ಟ್ರೇಯಲ್ಲೇ.

ಇನ್ನು ಪಾವಗಡದ ಚಿಕ್ಕಿ ವ್ಯಾಪಾರಿಯ ನವಿಲಿನ ಕಥೆ. ಅವರು ಕಡಲೆಕಾಯಿ ಚಿಕ್ಕಿ ಮಾಡುತ್ತಾರೆ. ಪೆಟ್ಟಿಗೆ ತೆಗೆದರೆ ನವಿಲಿನ ಆಕಾರದ ಗುಳಿಯಲ್ಲಿ ಚಿಕ್ಕಿ ಕೂತಿರಬೇಕು ಎಂದು ಅವರಿಗೆ ಆಸೆ.

"ಚೂಸಿನೋಳ್ಳು ಅಬ್ಬಾ ಅನಾಲಣ್ಣಾ" ಎಂದರು. ನೋಡಿದವರು ಅಬ್ಬಾ ಎನ್ನಬೇಕಂತೆ.

ಮಾವ ನವಿಲಿನ ಚಿತ್ರವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. "ಕತ್ತು ಸಿಕ್ಕಾಕೊಳ್ತದೆ" ಎಂದ. ಇದು ಅವನ ಇನ್ನೊಂದು ಸಿದ್ಧಾಂತ. ಅಚ್ಚು ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು, ಸುತ್ತ ಇಳಿಜಾರು ಇರಬೇಕು. ಎಲ್ಲಾದರೂ ಉಬ್ಬಿದ್ದರೆ, ಕೊಕ್ಕೆಯಿದ್ದರೆ, ಆರಿದ ಪ್ಲಾಸ್ಟಿಕ್ ಅಲ್ಲಿ ಕಚ್ಚಿಕೊಂಡು ಬಿಡುವುದಿಲ್ಲ. ಉಬ್ಬು ಕಂಡಲ್ಲಿ ಕೆರೆದು ನಯ ಮಾಡುವುದು ಅವನ ಕೈಗೆ ಉಸಿರಾಟದಷ್ಟು ಅಭ್ಯಾಸ. ಸರಿ, ನವಿಲಿನ ಕತ್ತು ನೆಟ್ಟಗಾಯಿತು. ಜುಟ್ಟು ಹೋಯಿತು. ಕೊಕ್ಕು ಹೋಯಿತು. ಗರಿ ಒಂದೊಂದೇ ಉದುರಿತು. ಸಂಜೆ ಹೊತ್ತಿಗೆ ಕಾಗದದ ಮೇಲೆ ಉಳಿದದ್ದು ಅಪ್ಪಟ ಒಂದು ಮಾವಿನಕಾಯಿ.

"ಕನೀಸಂ ಒಂದು ಕಣ್ಣಾದ್ರೂ ಇಡಣ್ಣಾ" ಎಂದು ಚಿಕ್ಕಿಯವರು ಬೇಡಿಕೊಂಡರು.

"ಮಾವಿನಕಾಯಿಗೆ ಕಣ್ಣು ಯಾತಕ್ಕೆ? ಅಚ್ಚಿನ ಖರ್ಚು ಏರ್ತದೆ" ಎಂದ ಮಾವ.

ಪಾವಗಡದಲ್ಲಿ ಈಗ ಮಾವಿನಕಾಯಿ ಚಿಕ್ಕಿಗೆ ಒಳ್ಳೆಯ ವ್ಯಾಪಾರವಂತೆ. ಅದು ನವಿಲು ಎಂಬುದು ನಮಗೂ ನಿಮಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಇಂಥ ಮನುಷ್ಯನಿಗೆ ಮದುವೆಯಾಗಲಿಲ್ಲ. ಹೆಣ್ಣಿನ ಕಡೆಯವರು ಒಂದು ಪ್ರಶ್ನೆ ಕೇಳಿದರೆ ಇವನು ಹತ್ತು ಕೇಳುತ್ತಿದ್ದನಂತೆ, ಮತ್ತೇನಾಗುತ್ತದೆ? ಶೆಡ್ಡಿನ ಹಿಂದಿನ ಕೋಣೆಯಲ್ಲೇ ಒಬ್ಬನೇ ಇದ್ದುಬಿಟ್ಟ. ನಾವಿರುವುದು ಅಲ್ಲಿಂದ ಎರಡು ಬೀದಿ ಆಚೆ, ನಾನು, ನನ್ನ ಯಜಮಾನರು, ಮತ್ತು ನನ್ನ ಅಮ್ಮ. ಅಮ್ಮ ಮಾವನಿಗೆ ಅಕ್ಕ. ತಮ್ಮ ಪ್ರಶ್ನೆ ಕೇಳುತ್ತಾ ಕೂತರೆ ಊಟ ಮರೆಯುತ್ತಾನೆ ಎಂದು ಅಮ್ಮ ಪ್ರತಿದಿನ ಮಧ್ಯಾಹ್ನ ಮುದ್ದೆ, ಉಪ್ಸಾರು ಡಬ್ಬಿಗೆ ತುಂಬಿಕೊಂಡು ತಾನೇ ಶೆಡ್ಡಿಗೆ ನಡೆಯುತ್ತಿದ್ದಳು. ನಾವು ಯಾರಾದರೂ ಕೊಟ್ಟು ಬರುತ್ತೇವೆ ಎಂದರೆ ಒಪ್ಪುತ್ತಿರಲಿಲ್ಲ. ಕೊಟ್ಟು ಬರುವುದು ಬೇರೆ, ಉಣ್ಣಿಸಿ ಬರುವುದು ಬೇರೆ. ಅವಳು ಎದುರಿಗೆ ಸ್ಟೂಲು ಹಾಕಿಕೊಂಡು ಕೂತರೆ ಮಾತ್ರ ಮಿಷನ್ ನಿಲ್ಲುತ್ತಿತ್ತು.

"ಅಕ್ಕಾ, ಒಬ್ಬನಿಗೆ ಅಂತ ಒಲೆ ಹತ್ತಿಸ್ಬ್ಯಾಡ ಕಣೆ. ಒಲೆ ಹತ್ತಿಸೋದು ಅಚ್ಚಿದ್ದಂಗೆ, ಮುದ್ದೆ ಶೀಟಿದ್ದಂಗೆ. ಒಂದು ಮುದ್ದೆಗೆ ಭಾಳ ದುಬಾರಿ ಬೀಳ್ತದೆ."

"ಅಚ್ಚೋ ಶೀಟೋ, ಸುಮ್ನೆ ನುಂಗ್ಲಾ" ಎನ್ನುತ್ತಿದ್ದಳು ಅಮ್ಮ.

ಈ ಅಚ್ಚು, ಶೀಟಿನ ಭೇದವನ್ನು ಅವನು ಜಗತ್ತಿಗೆಲ್ಲ ಅನ್ವಯಿಸುತ್ತಾನೆ. ನನ್ನ ಮದುವೆಯ ಮಾತುಕತೆಗೆ ಕೊಳಾಲಕ್ಕೆ ಹೋಗಿದ್ದಾಗ ಗಂಡಿನ ತಂದೆ ಮರ್ಯಾದೆಗೆಂದು, ಎಷ್ಟು ಜನ ಸೇರಬಹುದು ಎಂದರು. ಮಾವ ನೆಟ್ಟಗೆ ಕೂತ. ಚಪ್ಪರ, ವಾಲಗ, ಪುರೋಹಿತರು ಇವೆಲ್ಲ ಅಚ್ಚು, ಐವತ್ತು ಜನ ಬಂದರೂ ಐನೂರು ಜನ ಬಂದರೂ ಬದಲಾಗುವುದಿಲ್ಲ. ಊಟ, ತಾಂಬೂಲ ಇವು ಶೀಟು. ಆದ್ದರಿಂದ ಕಡಿಮೆ ಜನರನ್ನು ಕರೆಯುವುದು ಶುದ್ಧ ದಂಡ ಎಂದು ವಿವರಿಸಿದ. ಗಂಡಿನ ತಂದೆ ತಲೆದೂಗಿ ಕೇಳಿ, ಕೊನೆಗೆ ಮೆಲ್ಲಗೆ, "ಅಂಗಾದ್ರೆ ನಮ್ಮ ಹುಡ್ಗ ಅಚ್ಚೋ, ಶೀಟೋ?" ಎಂದರು. ಮಾವ ಹುಡುಗನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, "ಅದು ಮದ್ವೆ ಆದ್ಮ್ಯಾಲೆ ಗೊತ್ತಾಯ್ತದೆ" ಎಂದುಬಿಟ್ಟ. ಮದುವೆಯಾಗಿ ಇಷ್ಟು ವರ್ಷವಾಯಿತು, ನನ್ನ ಯಜಮಾನರು ಮಧುಗಿರಿ ಕೋರ್ಟಿನಲ್ಲಿ ಗುಮಾಸ್ತರು, ದಿನಾ ಎಂಥೆಂಥ ತೀರ್ಪು ಬರೆದುಕೊಳ್ಳುತ್ತಾರೆ, ಈ ತೀರ್ಪು ಮಾತ್ರ ಇನ್ನೂ ಬಂದಿಲ್ಲ.

ಎಲ್ಲಕ್ಕಿಂತ ಅವನಿಗೆ ಸಿಟ್ಟು ಬರುವುದು ಒಂದೇ ಪೀಸು ಎಂದು ಬಂದವರನ್ನು ಕಂಡರೆ. ಮಿಡಿಗೇಶಿಯಿಂದ ಒಬ್ಬರು ಅಪ್ಪನ ಕಾಲದ ಸ್ಕೂಟರಿನ ಒಡೆದ ಲೈಟಿನ ಮುಚ್ಚಳ ಹಿಡಿದು ಬಂದಿದ್ದರು. ಇಂಥದ್ದೇ ಒಂದು ಮಾಡಿಕೊಡಿ ಎಂದು ಕೇಳಿಕೊಂಡರು. ಆವತ್ತು ಮಾವ ಪ್ರಶ್ನೆಯನ್ನೇ ಕೇಳಲಿಲ್ಲ.

"ಇಡೀ ಅಚ್ಚನ್ನ ಒಂದು ಪೀಸಿನ ತಲೆ ಮ್ಯಾಲೆ ಹೊರಿಸ್ತೀಯೇನಯ್ಯ? ಅದು ತಡಕೊಳ್ತದಾ? ಒಂದು ಪೀಸು ಅನ್ನೋದು ಕೆಲ್ಸ ಅಲ್ಲ, ಹರಕೆ. ಹರಕೆ ಆದ್ರೆ ದೇವಸ್ಥಾನಕ್ಕೆ ಹೋಗು."

ಅವರು ದೇವಸ್ಥಾನಕ್ಕೆ ಹೋಗಲಿಲ್ಲ, ತುಮಕೂರಿಗೆ ಹೋದರೆಂದು ಕಾಣುತ್ತದೆ.

ಹೀಗೆ ನಗುತ್ತಾ ನಡೆಯುತ್ತಿತ್ತು. ಒಂದು ಬೆಳಗ್ಗೆ ಅಮ್ಮ ಸೊಪ್ಪು ಸೋಸುತ್ತಾ ಕೂತವಳು ಏಳಲಿಲ್ಲ. ಲಕ್ವ. ಆಸ್ಪತ್ರೆಗೆ ಬೇಗ ಸೇರಿಸಿದ್ದರಿಂದ ಮಾತು ಉಳಿಯಿತು, ಕೈ ನಿಧಾನವಾಗಿ ಬಂತು. ಮಾತು ಉಳಿದದ್ದಕ್ಕೆ ಡಾಕ್ಟರಿಗಿಂತ ಹೆಚ್ಚು ಸಂತೋಷಪಟ್ಟವಳು ಅಮ್ಮನೇ, ಬೈಯುವುದು ಬಹಳ ಬಾಕಿಯಿತ್ತು. ಆದರೆ ಬಲಗಾಲಿನ ಪಾದ ಜೋತುಬಿದ್ದಿತ್ತು. ಹೆಜ್ಜೆ ಎತ್ತಿದರೆ ಬೆರಳು ನೆಲಕ್ಕೆ ಎಳೆದು, ಎಡವಿ, ಗೋಡೆ ಹಿಡಿಯಬೇಕಾಗುತ್ತಿತ್ತು. ಮನೆಯೊಳಗೆ ಹೇಗೋ ಓಡಾಡುವಳು. ಬೀದಿಗೆ ಇಳಿಯುವಂತಿರಲಿಲ್ಲ.

ಡಬ್ಬಿಯನ್ನು ನನ್ನ ಯಜಮಾನರು ಶೆಡ್ಡಿಗೆ ಕೊಟ್ಟು ಬರತೊಡಗಿದರು. ಸಂಜೆ ಡಬ್ಬಿ ಅರ್ಧ ತುಂಬಿಯೇ ವಾಪಸು ಬರುತ್ತಿತ್ತು. ನಂತರ ಮಾವನೇ ಮನೆಗೆ ಬಂದು ಉಂಡು ಹೋಗುವುದೆಂದಾಯಿತು. ಅವನು ಬರುತ್ತಿದ್ದ, ಅಕ್ಕನ ಕಾಲಿನ ಕಡೆ ನೋಡದೆ ನಾಲ್ಕು ತುತ್ತು ನುಂಗಿ ಎದ್ದು ಹೋಗುತ್ತಿದ್ದ. "ಅದು ಊಟ ಅಲ್ಲ ಕಣೆ, ಹಾಜರಿ ಹಾಕೋದು" ಎಂದು ಅಮ್ಮ ನನ್ನ ಹತ್ತಿರ ಕಣ್ಣೊರೆಸಿಕೊಂಡಳು. "ನಾನು ಒಂದ್ಸಲ ಅಲ್ಲಿಗಂಟ ನಡೆಯಂಗಾದ್ರೆ ಸಾಕು. ನಂಗೆ ಇನ್ನೇನೂ ಬ್ಯಾಡ." ಅವಳಿಗೆ ಬೇಕಾಗಿದ್ದದ್ದು ಆ ಎರಡು ಬೀದಿ, ಅಷ್ಟೆ. ಅದನ್ನು ಕೇಳಿ ನನಗೂ ಅಳು ಬಂತು.

ವಾರಕ್ಕೊಮ್ಮೆ ತುಮಕೂರಿನಿಂದ ಬರುವ ಫಿಸಿಯೋ ಮೇಡಂ, ಚಿಕ್ಕ ವಯಸ್ಸಿನ ಹುಡುಗಿ, ಪಾದವನ್ನು ಎತ್ತಿ ಹಿಡಿಯುವ ಒಂದು ಪ್ಲಾಸ್ಟಿಕ್ ಸ್ಪ್ಲಿಂಟು ತರಿಸಿಕೊಟ್ಟರು. ಹಿಂದಿನಿಂದ ಮೀನಖಂಡ ಹಿಡಿದು, ಹಿಮ್ಮಡಿಯಲ್ಲಿ ಬಾಗಿ, ಪಾದದ ಕೆಳಗೆ ಚಾಚುವ ವಸ್ತು. ರೆಡಿಮೇಡ್. ಯಾರೋ ಉದ್ದ ಕಾಲಿನವರಿಗೆ ಮಾಡಿದ್ದು. ಅಮ್ಮನ ಪಾದ ಗಿಡ್ಡ, ಅಗಲ, ಗದ್ದೆಯಲ್ಲಿ ಬೆಳೆದದ್ದು. ಒಂದೇ ದಿನದಲ್ಲಿ ಬೊಬ್ಬೆ ಬಂತು. ಅಳತೆ ಕೊಟ್ಟು ಮಾಡಿಸಬಹುದು, ಬೆಂಗಳೂರಿಗೆ ಕೆಲವು ಸಲ ಓಡಾಡಬೇಕು ಎಂದರು ಮೇಡಂ. ಬಸ್ಸಿನ ಮೆಟ್ಟಿಲು ಹತ್ತಲಾಗದವಳು ಬೆಂಗಳೂರಿಗೆ ಹೇಗೆ ಓಡಾಡಲಿ ಎಂದು ಅಮ್ಮ ಖಡಾಖಂಡಿತ ಒಲ್ಲೆ ಎಂದಳು. ಆ ಸ್ಪ್ಲಿಂಟನ್ನು ಏನು ಮಾಡಿದಳು ಗೊತ್ತೆ? ತೊಳೆದು ಒಣಗಿಸಿ ರಾಗಿಹಿಟ್ಟಿನ ಡಬ್ಬದಲ್ಲಿ ಇಟ್ಟುಕೊಂಡಳು. ಹಿಟ್ಟು ತೋಡಲು ಬಹಳ ಅನುಕೂಲವಂತೆ.

ಮಾವ ಅದನ್ನು ಕಂಡದ್ದು ಅಲ್ಲೇ. ಊಟಕ್ಕೆ ಬಂದವನು ಡಬ್ಬದಿಂದ ಹಿಟ್ಟು ತೋಡುವ ಆ ವಿಚಿತ್ರ ಸೌಟನ್ನು ಎತ್ತಿಕೊಂಡ. ಹಿಟ್ಟು ಒದರಿ, ಬೆಳಕಿಗೆ ಹಿಡಿದು, ಹಿಮ್ಮಡಿಯ ಹತ್ತಿರ ಉಗುರಿನಿಂದ ಒತ್ತಿ ನೋಡಿದ.

"ಇದ್ಯಾತ್ರದು?"

"ನನ್ ಕಾಲಿಂದು" ಎಂದಳು ಅಮ್ಮ.

"ಇದು ನಮ್ ಕೆಲ್ಸನೇ ಕಣಕ್ಕ. ಶೀಟು ಬೇಯ್ಸಿ ಅಚ್ಚಿನ ಮ್ಯಾಲೆ ಎಳ್ದವ್ರೆ." ಅವನ ಮುಖ ಎಷ್ಟೋ ದಿನದ ಮೇಲೆ ಅರಳಿತು. ನಾಲಿಗೆಗೆ ಅಭ್ಯಾಸ ನೋಡಿ, ತಕ್ಷಣ ಕೇಳಿಬಿಟ್ಟ. "ಎಷ್ಟು ಪೀಸು?"

"ಒಂದೇಯ ಕಣ್ಲಾ" ಎಂದಳು ಅಮ್ಮ. "ಇನ್ನೊಂದು ಕಾಲು ಚೆನ್ನಾಗೈತಲ್ಲ."

ಮಾವ ಹರಕೆಯ ಮಾತು ಎತ್ತಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅಕ್ಕನ ಕಾಲಿನ ಹತ್ತಿರ ನೆಲದ ಮೇಲೆ ಕೂತ. ಆದರೆ ಅಮ್ಮ ಕಾಲನ್ನು ಹಿಂದಕ್ಕೆಳೆದುಕೊಂಡಳು.

"ಮೊದ್ಲು ರೇಟು ಹೇಳು. ಪುಕ್ಕಟೆ ಆದ್ರೆ ಬ್ಯಾಡ. ಪುಕ್ಕಟೆ ತಗೊಂಡ್ರೆ ನಾಳೆ ನಿನ್ನ ಬೈಯೋಕೆ ನಂಗೆ ಬಾಯಿ ಬರಲ್ಲ."

"ಟ್ರಯಲ್‌ಗೆ ರೇಟಿಲ್ಲ. ಸರಿಯಾಗಿ ಕುಂತ್ಮ್ಯಾಲೆ ಹೇಳ್ತೀನಿ."

"ಹೇಳ್ಬೇಕು."

"ಹೇಳ್ತೀನಿ ಅಂದ್ನಲ್ಲ."

ಮಾವ ರೇಟು ಹೇಳುತ್ತೇನೆಂದು ಮಾತು ಕೊಟ್ಟದ್ದನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ಕೇಳಿದ್ದು.

ಮುಂದಿನ ವಾರ ಫಿಸಿಯೋ ಮೇಡಂ ಬಂದಾಗ ಮಾವ ಅವರನ್ನೇ ಕೂರಿಸಿಕೊಂಡು ಅಳತೆ ತೆಗೆಯಲು ಕೂತ. ಪಾದ ಕಾಲಿಗೆ ಲಂಬವಾಗಿ, ಮೂಲೆ ಮಟ್ಟದ ಹಾಗೆ ನಿಲ್ಲಬೇಕು, ನಾನು ಹಿಡಿದಿರುತ್ತೇನೆ, ನೀವು ಸುತ್ತಿ ಎಂದರು ಮೇಡಂ. ಒದ್ದೆ ಮಾಡಿದ ಪ್ಲಾಸ್ಟರ್ ಪಟ್ಟಿಯನ್ನು ಮಾವ ಅಕ್ಕನ ಪಾದದಿಂದ ಮೇಲಕ್ಕೆ ಸುತ್ತತೊಡಗಿದ. ಇಲ್ಲೊಂದು ತೊಂದರೆಯಾಯಿತು. ಮಾವ ಅಕ್ಕನ ಕಾಲು ಮುಟ್ಟುವುದು ಯುಗಾದಿಗೊಮ್ಮೆ, ಗೌರಿಹಬ್ಬಕ್ಕೊಮ್ಮೆ. ಮುಟ್ಟಿದ ಕೂಡಲೇ ಅವನ ತಲೆಯ ಮೇಲೆ ಕೈಯಿಟ್ಟು ಹರಸುವುದು ಅಮ್ಮನ ಅಭ್ಯಾಸ. ಅವಳ ಕೈ ಈಗಲೂ ತಾನಾಗಿ ಮೇಲೆದ್ದಿತು.

"ನೂರ್ ವರ್ಷ ಬಾಳು."

ಇನ್ನೊಂದು ಸುತ್ತು.

"ಚೆನ್ನಾಗಿರು ಮಗ."

"ಅಮ್ಮಾ, ಅಲ್ಲಾಡಬೇಡಿ, ಪ್ಲಾಸ್ಟರ್ ಜರುಗುತ್ತೆ" ಎಂದರು ಮೇಡಂ.

"ನಾನೆಲ್ಲಿ ಅಲ್ಲಾಡ್ದೆ, ಅವ್ನು ಮುಟ್ತಾವ್ನೆ, ನಾನು ಸುಮ್ಕಿದ್ರೆ ಹೆಂಗೆ?"

ಪಟ್ಟಿ ಮುಗಿಯುವ ಹೊತ್ತಿಗೆ ಮಾವನಿಗೆ ಹಲವು ಜನ್ಮಕ್ಕಾಗುವಷ್ಟು ಆಯಸ್ಸು ಸೇರಿತ್ತು. ಮೇಡಂ ನಗು ತಡೆಯಲಾಗದೆ ಭುಜಕ್ಕೆ ಮುಖ ಒರೆಸಿಕೊಳ್ಳುತ್ತಿದ್ದರು. ಮಾವ ಮಾತ್ರ ತಲೆ ಎತ್ತಲಿಲ್ಲ, ಅವನ ತಲೆಯ ಮೇಲೆಲ್ಲ ಪ್ಲಾಸ್ಟರ್ ತಾಗಿದ ಅಮ್ಮನ ಬೆರಳಿನ ಬಿಳಿ ಗುರುತು.

ಗಟ್ಟಿಯಾದ ಸುತ್ತನ್ನು ಮುಂದೆ ಸೀಳಿ ತೆಗೆದು, ಆ ಖಾಲಿ ಗವುಸಿನೊಳಗೆ ಪ್ಲಾಸ್ಟರ್ ಹುಯ್ದರೆ ಅಮ್ಮನ ಕಾಲು ಸಿದ್ಧ. ಅದು ಶೆಡ್ಡಿನ ಬೆಂಚಿನ ಮೇಲೆ ನಿಂತಿತು. ಶಿರಾದ ಸಾಬರು ಬಂದವರು ಅದನ್ನು ನೋಡಿ, "ಇದು ಯಾವ ಮಿಠಾಯಿಗೆ ಭಾಯ್?" ಎಂದು ಗಾಬರಿಯಾದರು. ಪಾವಗಡದ ಚಿಕ್ಕಿಯವರು, "ಎವರಿ ಪಾದಂ ಅಣ್ಣಾ?" ಎಂದು ಕೇಳಿದರು. ಅಕ್ಕಂದು ಎಂದ ಮಾವ. ಅವರು ಚಪ್ಪಲಿ ಬಿಟ್ಟು, ಆ ಪ್ಲಾಸ್ಟರ್ ಕಾಲಿಗೆ ಕೈಮುಗಿದರು. ಮೂಟೆ ಕಡಲೆಕಾಯಿ ಕಳಿಸಿಕೊಟ್ಟದ್ದೂ ಅವರೇ, ಅಕ್ಕನವರು ಬಲ ತೆಗೆದುಕೊಳ್ಳಲಿ ಎಂದು.

ಮೊದಲ ಸ್ಪ್ಲಿಂಟು ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಮಾವ ಅದನ್ನು ಮಗುವನ್ನು ತರುವ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ತಂದ. ಅಮ್ಮ ಹಾಕಿಕೊಂಡು ಎದ್ದು ನಿಂತಳು. ನಿಂತವಳು ಹಲ್ಲು ಕಚ್ಚಿಕೊಂಡು ಕೂತುಬಿಟ್ಟಳು. ಮೇಡಂ ತೆಗೆದು ನೋಡಿದರೆ ಕಾಲಿನ ಗಂಟಿನ ಎರಡೂ ಮೂಳೆಯ ಮೇಲೆ ಕೆಂಪಗೆ ಒತ್ತಿತ್ತು.

"ಅಣ್ಣಾ, ಅಚ್ಚಿನಲ್ಲಿ ಇಲ್ಲಿ ಏನು ಮಾಡಿದ್ರಿ?"

"ಉಬ್ಬಿತ್ತು. ಸಿಕ್ಕಾಕೊಳ್ತದೆ ಅಂತ ಕೆರ್ದೆ."

ನವಿಲಿನ ಕತ್ತು ಕೆರೆದ ಕೈ ಅಕ್ಕನ ಕಾಲಿನ ಗಂಟನ್ನೂ ಕೆರೆದುಹಾಕಿತ್ತು. ಮೇಡಂ ಅವನನ್ನು ಕೂರಿಸಿಕೊಂಡು, ಮೂಳೆ ಇರುವಲ್ಲಿ ಅಚ್ಚನ್ನು ಕೆರೆಯುವುದಲ್ಲ, ಮೇಲೆ ಇನ್ನಷ್ಟು ಮೆತ್ತಬೇಕು, ಆಗ ಅಲ್ಲಿ ಕಾಲಿಗೆ ಜಾಗ ಸಿಗುತ್ತದೆ ಎಂದು ಬೆರಳಿನಿಂದ ಗುರುತು ಹಾಕಿ ತೋರಿಸಿದರು. ಮಾವ ಆ ಸ್ಪ್ಲಿಂಟನ್ನು ಟವೆಲಿನಲ್ಲಿ ಮತ್ತೆ ಸುತ್ತಿಕೊಂಡ. ಬಾಗಿಲ ಹತ್ತಿರ ನನಗೆ ಮಾತ್ರ ಕೇಳುವ ಹಾಗೆ ಹೇಳಿದ. "ಇಷ್ಟು ವರ್ಸ ಅಚ್ಚಿಂದ ಬಿಡಿಸ್ಕೊಳ್ಳೋದೇ ಕಲ್ತಿದ್ದು ಮಗಾ. ಇದು ಹಿಡ್ಕೊಬೇಕಾದ್ದು. ಇದು ನಂಗೆ ಬರಲ್ಲ." ಅಂಥ ದನಿ ಅವನಿಂದ ನಾನು ಕೇಳಿರಲಿಲ್ಲ.

ಬರುವುದಿಲ್ಲ ಎಂದವನು ಸುಮ್ಮನಿರಬೇಕಲ್ಲ? ಮತ್ತೆ ಪ್ಲಾಸ್ಟರ್ ಹುಯ್ದ. ಗಂಟಿನ ಮೇಲೆ ಮೆತ್ತಿದ. ಎರಡನೆಯದು ಒತ್ತಲಿಲ್ಲ, ಆದರೆ ಹಿಮ್ಮಡಿಯ ಬಾಗಿನಲ್ಲಿ ಶೀಟು ಎಳೆದು ತೆಳುವಾಗಿ, ಅಮ್ಮ ಭಾರ ಹಾಕಿದ ಕೂಡಲೇ ಮಡಿಚಿಕೊಂಡಿತು. ಅಂದು ಅಮ್ಮನೇ ಅವನಿಗೆ ಸಮಾಧಾನ ಹೇಳಬೇಕಾಯಿತು. "ಹೋಗ್ಲಿ ಬುಡ್ಲಾ, ಇದೂ ಹಿಟ್ಟಿಗಾಯ್ತದೆ" ಎಂದಳು. ಅವನು ನಗಲಿಲ್ಲ. ದಪ್ಪ ಶೀಟು ತರಿಸಿದ. ಅಚ್ಚನ್ನು ತಾನೇ ಮೂರನೆಯ ಸಲ ಮಾಡಿದ. ಶೆಡ್ಡಿನ ಮುಂದೆ ರೇಟು ಕೇಳಲು ಬಂದವರಿಗೆ ಒಂದೂ ಪ್ರಶ್ನೆ ಕೇಳದೆ, "ಈಗ ಆಗಲ್ಲ, ಅಕ್ಕನ ಕೆಲ್ಸ ನಡೀತೈತೆ" ಎಂದು ಕಳಿಸಿದ. ನಾಲ್ಕೂ ತಾಲ್ಲೂಕಿನವರಿಗೆ ಆ ದಿನಗಳಲ್ಲಿ ಬಸ್ಸು ಹೊತ್ತಿಗೆ ಸರಿಯಾಗಿ ಸಿಕ್ಕಿತು.

ಮೂರನೆಯದು ಕೂತಿತು. ಮೇಡಂ ಸುತ್ತ ಬೆರಳಾಡಿಸಿ ನೋಡಿದರು, ಎರಡು ಕಡೆ ಅಂಚು ಉಜ್ಜಿಸಿದರು, ಪಟ್ಟಿ ಬಿಗಿಸಿದರು. ಅಮ್ಮ ಅಂಗಳದಲ್ಲಿ ಹೋದಳು, ಬಂದಳು. ಬೆರಳು ನೆಲಕ್ಕೆ ಎಳೆಯಲಿಲ್ಲ. ಮೊದಲು ಮನೆಯೊಳಗೆ, ಆಮೇಲೆ ಬೀದಿಯಲ್ಲಿ ಸ್ವಲ್ಪ ಸ್ವಲ್ಪ ರೂಢಿ ಮಾಡಿಕೊಳ್ಳಿ ಎಂದು ಮೇಡಂ ಹೇಳಿ ಹೋದರು. ಹಾಗೇ ಮಾಡಿಕೊಂಡಳು. ಮಾವನಿಗೆ ಮಾತ್ರ ಬೀದಿಯ ವಿಷಯ ಹೇಳಕೂಡದೆಂದು ನಮಗೆಲ್ಲ ಆಣೆ ಹಾಕಿದ್ದಳು.

ಒಂದು ಭಾನುವಾರ ಅಡುಗೆಮನೆಯಲ್ಲಿ ಡಬ್ಬಿ ಮುಚ್ಚಿದ ಸದ್ದು ಕೇಳಿತು. ಅಮ್ಮ ಕೋಲು ಒಂದು ಕೈಯಲ್ಲಿ, ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲ ಮೇಲೆ ನಿಂತಿದ್ದಳು. "ನೀನು ಬೇಕಾದ್ರೆ ಹಿಂದೆ ಬಾ. ಮುಟ್ಬ್ಯಾಡ" ಎಂದಳು. ನಾನು ಹಿಂದೆ ಹೋದೆ. ಎರಡು ಬೀದಿ. ಹೂವಿನವಳು ಬುಟ್ಟಿ ಸರಿಸಿ ದಾರಿ ಬಿಟ್ಟಳು. ಅಮ್ಮ ಬಲಗಾಲು ಇಡುವಾಗಲೆಲ್ಲ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ.

ಮಾವ ಶೆಡ್ಡಿನ ಬಾಗಿಲಲ್ಲಿ ಅಂಚು ಕತ್ತರಿಸುತ್ತಾ ಕೂತಿದ್ದ. ತಲೆ ಎತ್ತಿದ. ಓಡಿ ಬರುತ್ತಾನೆ ಎಂದುಕೊಂಡೆ, ಬರಲಿಲ್ಲ. ಕತ್ತರಿ ಹಿಡಿದುಕೊಂಡೇ ಎದ್ದು ನಿಂತು ಅವಳ ಪಾದವನ್ನು ನೋಡುತ್ತಿದ್ದ, ಅವಳು ಬಾಗಿಲಿಗೆ ಬಂದು ಸೇರುವವರೆಗೂ. ಒಳಗೆ ಹೋಗಿ ಸ್ಟೂಲು ತಂದು ಹಾಕಿದ.

ಅಮ್ಮ ಕೂತು ಉಸಿರು ತಿರುಗಿಸಿಕೊಂಡಳು. ಡಬ್ಬಿ ತೆಗೆಯಲಿಲ್ಲ.

"ಕುಂತೈತಾ ಸರಿಯಾಗಿ?" ಎಂದಳು.

"ಕುಂತೈತೆ."

"ಅಂಗಾದ್ರೆ ಹೇಳು ರೇಟು. ಮಾತು ಕೊಟ್ಟಿದ್ದೀಯ."

ಮಾವ ನೆಲದ ಮೇಲೆ ಕೂತ. ಎಷ್ಟೋ ಪ್ರಶ್ನೆ ಬರುತ್ತವೆ ಎಂದು ನಾನು ಬಾಗಿಲಿಗೆ ಒರಗಿದೆ. ಒಂದೂ ಬರಲಿಲ್ಲ. ಎಷ್ಟು ದಿನದಿಂದ ಲೆಕ್ಕ ಹಾಕಿಟ್ಟುಕೊಂಡಿದ್ದನೋ, ನೇರವಾಗಿ ಹೇಳಿದ.

"ಅಚ್ಚು ಮೂರಾಯ್ತು. ಪೀಸು ಒಂದು. ಪೀಸಿನ ಮ್ಯಾಲೆ ಹಾಕಿದ್ರೆ ನಿನ್ ಕೈಲಿ ಆಗಲ್ಲ. ಅದ್ಕೇ ಹೆಜ್ಜೆ ಮ್ಯಾಲೆ ಹಾಕಿವ್ನಿ."

"ಅಂಗಂದ್ರೆ?"

"ನೀನು ಎಷ್ಟು ಹೆಜ್ಜೆ ಇಡ್ತೀಯೋ ಅಷ್ಟಕ್ಕೂ ಹಂಚ್ತೀನಿ. ಇವತ್ತೊಂದೇ ದಿನ ಬಂದು ನಿಲ್ಸಿದ್ರೆ ಭಾಳ ದುಬಾರಿ. ನಾಳೇನೂ ಬಂದ್ರೆ ಅರ್ಧಕ್ಕೆ ಇಳೀತದೆ. ದಿನಾ ಬತ್ತಾ ಇದ್ರೆ ಅಗ್ಗ ಆಯ್ತಾ ಹೋಯ್ತದೆ."

ಅಮ್ಮ ಅವನನ್ನೇ ನೋಡುತ್ತಿದ್ದಳು. "ಪೂರ್ತಿ ತೀರೋದು ಯಾವಾಗ್ಲಾ?"

"ತೀರಲ್ಲ ಕಣಕ್ಕ" ಎಂದ ಮಾವ. "ಎಷ್ಟು ಹಂಚಿದ್ರೂ ಒಂಚೂರು ಉಳೀತದೆ. ನೀನು ಬತ್ತಾನೇ ಇರ್ಬೇಕು."

ಹೇಳಿ, ಮುಖ ತೋರಿಸಲಾರದೆ, ಪಟ್ಟಿ ಸಡಿಲವಾಗಿದೆಯೇನೋ ಎಂಬಂತೆ ಬಗ್ಗಿ ಅವಳ ಕಾಲಿಗೆ ಕೈ ಹಾಕಿದ. ಮುಟ್ಟಿದ ಕೂಡಲೇ ಅಮ್ಮನ ಕೈ ತಾನಾಗಿ ಅವನ ತಲೆಯ ಮೇಲೆ ಹೋಯಿತು. ಬಾಯಿಂದ ಹರಸುವ ಮಾತು ಬರಲಿಲ್ಲ. ಕೈ ಮಾತ್ರ ಅಲ್ಲೇ ಇತ್ತು. ಅವನೂ ಏಳಲಿಲ್ಲ.

ಬಹಳ ಹೊತ್ತಾದ ಮೇಲೆ, "ಉಣ್ಣೇಳ್ಲಾ, ಮುದ್ದೆ ಆರೋಯ್ತದೆ" ಎಂದಳು.